ನಮ್ಮೂರಲ್ಲಿ ಕ್ಯಾನ್ಸರ್ ಜಾಸ್ತಿ ಆಗ್ತಿದ್ಯಾ? ಮಂಡ್ಯದ ಪ್ರಶ್ನೆಗೆ ಉತ್ತರ ಸಿಗೋದು ಎಲ್ಲಿ

ಮಂಡ್ಯ ಕಡೆ ಯಾವ ಊರಿಗೆ ಹೋದ್ರೂ ಈಗ ಈ ಮಾತು ಬಂದೇ ಬರುತ್ತೆ, ತಿಥಿ ಮನೇಲಿ, ಡೈರಿ ಹತ್ರ ಹಾಲು ಹಾಕೋ ಹೊತ್ತಲ್ಲಿ, ಮೈಸೂರು ಬಸ್ಸಲ್ಲಿ ಸ್ಕ್ಯಾನಿಂಗ್ ಕವರ್ ಹಿಡ್ಕೊಂಡು ಕೂತವರ ಪಕ್ಕದಲ್ಲಿ. "ಮುಂಚೆ ಈ ಕಾಯ್ಲೆ ಎಲ್ಲಿತ್ತಣ್ಣ, ಈಗ ನೋಡು ಬೀದಿಗೊಬ್ರಿಗೆ ಬತ್ತಾ ಅದೆ, ಔಷ್ದಿ ಹೊಡ್ದು ಹೊಡ್ದು ಭೂಮಿನೇ ಕೆಟ್ಟೋಯ್ತು" ಅಂತಾರೆ. ಹೇಳೋರು ಸುಳ್ಳು ಹೇಳ್ತಿಲ್ಲ, ಕಣ್ಣಾರೆ ಕಂಡಿದ್ದನ್ನೇ ಹೇಳ್ತಿದಾರೆ. ಆದ್ರೆ ಕಂಡಿದ್ದು ನಿಜ ಅನ್ನೋದು ಬೇರೆ, ಅದರಿಂದ "ನಮ್ಮ ತಾಲ್ಲೂಕಲ್ಲಿ ಕ್ಯಾನ್ಸರ್ ರೇಟ್ ಏರಿದೆ" ಅಂತ ತೀರ್ಮಾನಕ್ಕೆ ಬರೋದು ಬೇರೆ, ಈ ಎರಡರ ನಡುವೆ ದೊಡ್ಡ ದಾರಿ ಇದೆ, ಆ ದಾರೀಲಿ ಏನೇನಿದೆ ಅಂತ ಬಿಡಿಸಿ ಹೇಳೋಕೆ ಇದನ್ನ ಬರೀತಿದೀನಿ. ಯಾಕಂದ್ರೆ ಈ ದಾರೀನ ಯಾರೂ ನಡೆಯದೇ ಇರೋದ್ರಿಂದಾನೇ ಒಂದು ಕಡೆ ಜನ ಗಾಬರಿ ಬೀಳ್ತಿದಾರೆ, ಇನ್ನೊಂದು ಕಡೆ ಅಧಿಕಾರಿಗಳು "ಹಂಗೇನಿಲ್ಲ" ಅಂತ ಕೈ ತೊಳ್ಕೊಳ್ತಿದಾರೆ, ಇಬ್ಬರ ಕೈಲೂ ಲೆಕ್ಕ ಇಲ್ಲ.

ಮೊದಲು ಆಸ್ಪತ್ರೆ ಲೆಕ್ಕದ ವಿಷಯ. ಪೇಪರಲ್ಲಿ ಬರೋ ಸುದ್ದಿ ಸಾಮಾನ್ಯವಾಗಿ ಹಿಂಗಿರುತ್ತೆ: ಇಂಥ ಆಸ್ಪತ್ರೆಗೆ ಹೋದ ವರ್ಷ ಇಷ್ಟು ಹೊಸ ಕ್ಯಾನ್ಸರ್ ರೋಗಿಗಳು ಬಂದಿದ್ರು, ಈ ವರ್ಷ ಇಷ್ಟು, ಹಾಗಾಗಿ ಜಿಲ್ಲೆಯಲ್ಲಿ ಕ್ಯಾನ್ಸರ್ ಹೆಚ್ಚಳ. ಮೈಸೂರಿನ ಆಸ್ಪತ್ರೆಗಳಿಗೆ ಮಂಡ್ಯದವರು ಮಾತ್ರ ಹೋಗಲ್ಲ, ಚಾಮರಾಜನಗರ, ಕೊಡಗು, ಹಾಸನದವರು ಬರ್ತಾರೆ, ಗಡಿ ದಾಟಿ ವಯನಾಡಿಂದಾನೂ ಬರ್ತಾರೆ. ಮಂಡ್ಯದವರಲ್ಲೇ ಮದ್ದೂರು, ಮಳವಳ್ಳಿ ಕಡೆಯ ಎಷ್ಟೋ ಜನ ನೇರ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗ್ತಾರೆ. ಮೊದಲು ವಾಜಪೇಯಿ ಆರೋಗ್ಯಶ್ರೀ, ಆಮೇಲೆ 2018ರಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅನ್ನೋ ಸರ್ಕಾರಿ ಯೋಜನೆಗಳು ಬಂದ್ಮೇಲೆ ಬಿಪಿಎಲ್ ಕಾರ್ಡ್ ಇರೋರಿಗೆ ದೊಡ್ಡ ಟ್ರೀಟ್‌ಮೆಂಟ್ ಕೈಗೆ ಎಟುಕೋ ಹಂಗಾಯ್ತು, ಇವಕ್ಕೂ ಮುಂಚೆ ಗದ್ದೆ ಮಾರಬೇಕಲ್ಲ ಅಂತ ಹೆದರಿ ಮನೇಲೇ ಉಳಿದು ಸತ್ತೋರು ಆಸ್ಪತ್ರೆ ರಿಜಿಸ್ಟರಲ್ಲಿ ಇರ್ಲೇ ಇಲ್ಲ. ಅಂಥವರು ಈಗ ಕ್ಯೂನಲ್ಲಿ ಕಾಣ್ತಿದಾರೆ. ಕ್ಯೂ ಉದ್ದ ಆಗಿರೋದು ನಿಜ, ಅದರಲ್ಲಿ ಎಷ್ಟು ಪಾಲು ಕಾಯಿಲೆ ಹೆಚ್ಚಾಗಿದ್ದು, ಎಷ್ಟು ಪಾಲು ಬಾಗಿಲು ತೆರೆದಿದ್ದು ಅಂತ ಆ ಕ್ಯೂ ನೋಡಿ ಹೇಳೋಕೆ ಆಗಲ್ಲ.

ಅದಕ್ಕೇ ಕ್ಯಾನ್ಸರ್ ರಿಜಿಸ್ಟ್ರಿ ಅಂತ ಇನ್ನೊಂದು ಥರದ ಲೆಕ್ಕ ಇದೆ. ಇದರಲ್ಲಿ ರೋಗಿ ಯಾವ ಆಸ್ಪತ್ರೆಗೆ ಹೋದ ಅನ್ನೋದಕ್ಕಿಂತ ಯಾವ ಊರಲ್ಲಿ ವಾಸ ಇದ್ದ ಅನ್ನೋದು ಮುಖ್ಯ. ರಿಜಿಸ್ಟ್ರಿ ಸಿಬ್ಬಂದಿ ಸರ್ಕಾರಿ, ಖಾಸಗಿ ಆಸ್ಪತ್ರೆ, ಬಯಾಪ್ಸಿ ಮಾಡೋ ಲ್ಯಾಬು, ಸ್ಕ್ಯಾನಿಂಗ್ ಸೆಂಟರು, ಮರಣ ನೋಂದಣಿ ಪುಸ್ತಕ ಎಲ್ಲ ಕಡೆ ಸುತ್ತಿ, ಒಬ್ಬನೇ ಮನುಷ್ಯನ ಹೆಸರು ಮೂರು ಕಡೆ ಬಂದಿದ್ರೆ ಒಂದಾಗಿ ಸೇರಿಸಿ, ಆ ಪ್ರದೇಶದಲ್ಲಿ ಕನಿಷ್ಠ ಒಂದು ವರ್ಷದಿಂದ ವಾಸ ಇದ್ದೋರನ್ನ ಮಾತ್ರ ಎಣಿಸ್ತಾರೆ. ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಈ ರಾಷ್ಟ್ರೀಯ ಕ್ಯಾನ್ಸರ್ ರಿಜಿಸ್ಟ್ರಿ ಕಾರ್ಯಕ್ರಮ ಶುರು ಮಾಡಿದ್ದು 1981ರ ಕೊನೇಲಿ, 1982ರಿಂದ ಬೆಂಗಳೂರಿನ ಲೆಕ್ಕ ಕಿದ್ವಾಯಿ ಸಂಸ್ಥೆ ಮೂಲಕ ನಡ್ಕೊಂಡು ಬಂದಿದೆ. ನಲವತ್ತು ವರ್ಷಕ್ಕೂ ಮೀರಿದ ಸರಣಿ ಅದು, ರಾಜ್ಯದ ಬೇರೆ ಯಾವ ಜಿಲ್ಲೆಗೂ ಅಷ್ಟು ಹಳೇ ಲೆಕ್ಕ ಇಲ್ಲ. ಬೆಂಗಳೂರಲ್ಲಿ ಗರ್ಭಕಂಠದ ಕ್ಯಾನ್ಸರ್ ಇಳೀತಾ ಬಂದಿದೆ, ಸ್ತನ ಕ್ಯಾನ್ಸರ್ ಏರ್ತಾ ಬಂದಿದೆ ಅಂತ ಧೈರ್ಯವಾಗಿ ಹೇಳೋಕಾಗೋದು ಈ ಸರಣಿ ಇರೋದ್ರಿಂದ.

ಊರಿಂದೂರಿಗೆ ವ್ಯತ್ಯಾಸ ಎಷ್ಟಿರಬಹುದು ಅಂತ ಕೇಳಿದ್ರೆ ಆಶ್ಚರ್ಯ ಆಗುತ್ತೆ. 2020ರಲ್ಲಿ ಹೊರಬಂದ ರಿಜಿಸ್ಟ್ರಿ ವರದಿ (2012ರಿಂದ 2016ರ ಲೆಕ್ಕ) ಪ್ರಕಾರ ಮಿಜೋರಾಂನ ಐಜ್ವಾಲ್ ಜಿಲ್ಲೆಯಲ್ಲಿ ಲಕ್ಷ ಗಂಡಸರಿಗೆ ವರ್ಷಕ್ಕೆ 269.4 ಹೊಸ ಕೇಸು, ನಮ್ಮ ಬೀದರ್ ಪಕ್ಕದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಮತ್ತು ಬೀಡ್ ಸೇರಿದ ಪ್ರದೇಶದಲ್ಲಿ 39.5. ಹೆಚ್ಚುಕಡಿಮೆ ಏಳು ಪಟ್ಟು. ಹೆಂಗಸರಲ್ಲಿ ಅರುಣಾಚಲದ ಪಾಪುಂಪಾರೆ 219.8, ಕೆಳಗಡೆ ಮತ್ತೆ ಉಸ್ಮಾನಾಬಾದ್, ಬೀಡ್ 49.4. ಮಿಜೋರಾಂನಲ್ಲಿ ಹೊಗೆಸೊಪ್ಪಿನ ಬಳಕೆ ವಿಪರೀತ, ತಂಬಾಕಿನ ಹೊಗೆಯನ್ನ ನೀರಲ್ಲಿ ಇಳಿಸಿ ಆ ನೀರನ್ನೇ ಬಾಯಲ್ಲಿ ಇಟ್ಟುಕೊಳ್ಳೋ 'ತುಯಿಬುರ್' ಅನ್ನೋ ಅಭ್ಯಾಸ ಇದೆ, ಹೊಗೆಯಲ್ಲಿ ಒಣಗಿಸಿದ ಮಾಂಸ ತಿಂತಾರೆ, ಅಲ್ಲಿ ಹೊಟ್ಟೆ ಕ್ಯಾನ್ಸರ್ ಜಾಸ್ತಿ ಇರೋದಕ್ಕೆ ಇಂಥ ಕಾರಣಗಳನ್ನ ಸಂಶೋಧಕರು ಮುಂದಿಡ್ತಾರೆ. ಅಂದ್ರೆ ಜಾಗದಿಂದ ಜಾಗಕ್ಕೆ ನಿಜವಾದ ವ್ಯತ್ಯಾಸ ಇದ್ದೇ ಇದೆ, ಎಲ್ಲಾ ಭ್ರಮೆ ಅಂತ ತಳ್ಳಿಹಾಕೋಕಾಗಲ್ಲ. ಹಾಗಂತ ಏಳು ಪಟ್ಟೂ ಪೂರ್ತಿ ಕಾಯಿಲೆಯದ್ದೇ ವ್ಯತ್ಯಾಸನಾ ಅಂದ್ರೆ, ಡಾಕ್ಟ್ರು, ಲ್ಯಾಬು ದೂರ ಇರೋ ಹಳ್ಳಿಗಾಡಲ್ಲಿ ಪತ್ತೆಯೇ ಆಗದೆ ಹೋಗೋ ಕೇಸುಗಳೂ ಇರ್ತಾವೆ, ಅದನ್ನೂ ಸೇರಿಸ್ಕೊಂಡೇ ಓದಬೇಕು.

ಈ ಅಂಕಿಗಳು ವಯಸ್ಸಿಗೆ ಸರಿಹೊಂದಿಸಿದವು, ಅಂದ್ರೆ ಎಲ್ಲಾ ಕಡೆ ಎಳೆಯರು, ವಯಸ್ಸಾದವರ ಪಾಲು ಒಂದೇ ಥರ ಇದ್ದಿದ್ರೆ ರೇಟ್ ಎಷ್ಟಿರ್ತಿತ್ತು ಅಂತ ಹಾಕಿದ ಲೆಕ್ಕ. ಇದು ಮಂಡ್ಯಕ್ಕೆ ಬಹಳ ಮುಖ್ಯ, ಸ್ವಲ್ಪ ನಿಧಾನವಾಗಿ ನೋಡಣ. ಕ್ಯಾನ್ಸರ್ ಹೆಚ್ಚಾಗಿ ವಯಸ್ಸಾದವರ ಕಾಯಿಲೆ. ಒಂದು ಊಹೆ ಲೆಕ್ಕ ಹಾಕಿ, ವರ್ಷಕ್ಕೆ ಬರೋ ಹೊಸ ಕೇಸು 60ರ ಒಳಗಿನವರಲ್ಲಿ ಲಕ್ಷಕ್ಕೆ 50, 60 ದಾಟಿದವರಲ್ಲಿ ಲಕ್ಷಕ್ಕೆ 400 ಅಂತ ಇಟ್ಕೊಳಿ. ಒಂದು ತಾಲ್ಲೂಕಲ್ಲಿ ನೂರಕ್ಕೆ 10 ಜನ 60 ದಾಟಿದವರು ಇದ್ರೆ ಒಟ್ಟು ರೇಟ್ ಲಕ್ಷಕ್ಕೆ 85 ಬರುತ್ತೆ. ಇನ್ನೊಂದು ತಾಲ್ಲೂಕಲ್ಲಿ ನೂರಕ್ಕೆ 16 ಜನ ಇದ್ರೆ 106 ಬರುತ್ತೆ. ನೀರು ಅದೇ, ಗಾಳಿ ಅದೇ, ಪ್ರತಿ ವಯಸ್ಸಿನವರ ಅಪಾಯಾನೂ ಅದೇ, ಆದ್ರೂ ಎರಡನೇ ತಾಲ್ಲೂಕಲ್ಲಿ ಕ್ಯಾನ್ಸರ್ ಶೇಕಡಾ 25ರಷ್ಟು ಜಾಸ್ತಿ ಅಂತ ಕಾಣುತ್ತೆ. ಈಗ ನಮ್ಮ ಊರುಗಳನ್ನ ನೆನೆಸ್ಕೊಳಿ. ಮಕ್ಕಳು ಒಂದು ಎರಡಕ್ಕೆ ನಿಂತು ವರ್ಷಗಳೇ ಆದವು, ಓದಿದ ಹುಡುಗ ಹುಡುಗೀರು ಬೆಂಗಳೂರು ಸೇರಿದಾರೆ, ನಾಗಮಂಗಲ, ಕೆ.ಆರ್. ಪೇಟೆ ಕಡೆ ಎಷ್ಟೋ ಮನೇಲಿ ಅಪ್ಪ ಅಮ್ಮ ಇಬ್ರೇ, ಹಬ್ಬಕ್ಕೆ ಮಾತ್ರ ಮನೆ ತುಂಬುತ್ತೆ. ಉಳಿದೋರು ವಯಸ್ಸಾದವರು, ಹಾಗಾಗಿ ಊರಲ್ಲಿ ಉಳಿದ ಪ್ರತಿ ನೂರು ಜನಕ್ಕೆ ಕ್ಯಾನ್ಸರ್ ಕೇಸು ಜಾಸ್ತಿ ಆಗೋದು ಲೆಕ್ಕದ ಪ್ರಕಾರಾನೇ ಸಹಜ. ಯಾದಗಿರಿಯಂಥ ಚಿಕ್ಕ ವಯಸ್ಸಿನವರೇ ಹೆಚ್ಚಿರೋ ಜಿಲ್ಲೆ ಜೊತೆ ಮಂಡ್ಯವನ್ನ ಹಂಗೇ ಹೋಲಿಸಿದ್ರೆ ಅನ್ಯಾಯದ ಹೋಲಿಕೆ ಆಗುತ್ತೆ, ಇಪ್ಪತ್ತು ವರ್ಷದ ಹಿಂದಿನ ಮಂಡ್ಯ ಜೊತೆ ಇವತ್ತಿನ ಮಂಡ್ಯವನ್ನ ಹೋಲಿಸಿದ್ರೂ ಅದೇ ಕಥೆ.

ಇನ್ನು ಭಾಗಿಸೋಕೆ ಬೇಕಾದ ಜನಸಂಖ್ಯೆ. 2011ರ ಜನಗಣತಿಲಿ ಮಂಡ್ಯ ಜಿಲ್ಲೆ ಸುಮಾರು 18 ಲಕ್ಷ, ಮೈಸೂರು ಸುಮಾರು 30 ಲಕ್ಷ. 2021ರಲ್ಲಿ ಆಗಬೇಕಿದ್ದ ಗಣತಿ ಆಗಲಿಲ್ಲ, ಮುಂದಿನದು 2027ಕ್ಕೆ ನಿಗದಿಯಾಗಿದೆ. ಮೈಸೂರಿನ ಹೊರವಲಯದಲ್ಲಿ ಲೇಔಟ್ ಮೇಲೆ ಲೇಔಟ್ ಎದ್ದಿದೆ, ಅಲ್ಲಿನ ಇವತ್ತಿನ ಕೇಸುಗಳನ್ನ 2011ರ ಜನಸಂಖ್ಯೆಯಿಂದ ಭಾಗಿಸಿದ್ರೆ ರೇಟ್ ಸುಮ್ಸುಮ್ನೆ ಆಕಾಶಕ್ಕೇರುತ್ತೆ. ಜಿಲ್ಲೆ ಮಟ್ಟದಲ್ಲಿ ಅಂದಾಜು ಹಾಕಿ ಸರಿಮಾಡಬಹುದು, ಹೋಬಳಿ, ಪಂಚಾಯ್ತಿ ಮಟ್ಟಕ್ಕೆ ಇಳಿದಂಗೆಲ್ಲ ಅಂದಾಜು ತಪ್ಪೋದೂ ಜಾಸ್ತಿ.

ಈಗ ಹಳ್ಳಿ ಮಟ್ಟಕ್ಕೆ ಬರ್ತೀನಿ, ಜನ ಕೇಳೋದು ಅದನ್ನೇ ಅಲ್ವಾ. "ನಮ್ಮೂರಲ್ಲಿ ಒಂದೇ ವರ್ಷ ಎಂಟು ಜನಕ್ಕೆ ಬಂತು, ಪಕ್ಕದೂರಲ್ಲಿ ಒಬ್ರಿಗೂ ಇಲ್ಲ, ಇದಕ್ಕೇನಂತೀರಿ?" 3,000 ಜನ ಇರೋ ಊರು ತಗೊಳ್ಳಿ, ಲಕ್ಷಕ್ಕೆ 100ರ ಲೆಕ್ಕದಲ್ಲಿ ವರ್ಷಕ್ಕೆ ಸರಾಸರಿ 3 ಕೇಸು ನಿರೀಕ್ಷೆ ಮಾಡಬಹುದು. ಇಂಥ 1,000 ಊರುಗಳಿವೆ, ಎಲ್ಲಾ ಊರಲ್ಲೂ ಅಪಾಯ ಒಂದೇ ಸಮ, ಯಾವ ಊರಿನ ನೀರಲ್ಲೂ ಮಣ್ಣಲ್ಲೂ ಏನೂ ವಿಶೇಷ ಇಲ್ಲ ಅಂತ ಇಟ್ಕೊಂಡ್ರೂ, ಬರೀ ಆಕಸ್ಮಿಕದಿಂದಾನೇ ಒಂದು ವರ್ಷದಲ್ಲಿ ಸುಮಾರು 50 ಊರಲ್ಲಿ ಒಂದೂ ಕೇಸು ಇರಲ್ಲ, ಸುಮಾರು 84 ಊರಲ್ಲಿ 6 ಅಥವಾ ಅದಕ್ಕಿಂತ ಹೆಚ್ಚು ಬರುತ್ತೆ, ಹನ್ನೆರಡರಷ್ಟು ಊರಲ್ಲಿ 8 ಅಥವಾ ಹೆಚ್ಚು ಬರುತ್ತೆ. ಮಂಡ್ಯ ಜಿಲ್ಲೆಯಲ್ಲಿ ಸಾವಿರಕ್ಕೂ ಮೇಲೆ ಹಳ್ಳಿಗಳಿವೆ ಅನ್ನೋದು ನೆನಪಿರಲಿ. ರಾಗಿ ಚೆಲ್ಲಿ ಬಿತ್ತಿದ ಹೊಲ ನೋಡಿದ್ರೆ ಗೊತ್ತಾಗುತ್ತೆ, ಎಷ್ಟೇ ಪಳಗಿದ ಕೈ ಆದ್ರೂ ಒಂದು ಕಡೆ ಗುಂಪಾಗಿ ಮೊಳೆತಿರುತ್ತೆ, ಒಂದು ಕಡೆ ಬೋಳು, ಅದಕ್ಕೆ ಆ ಜಾಗದ ಮಣ್ಣೇ ಕಾರಣ ಅನ್ನೋಕಾಗಲ್ಲ. ಅದೇ ಹನ್ನೆರಡು ಊರನ್ನ ಮುಂದಿನ ವರ್ಷ ಎಣಿಸಿದ್ರೆ ಹೆಚ್ಚಿನವು ತಾವಾಗೇ ಮೂರರ ಹತ್ರಕ್ಕೆ ಬಂದಿರ್ತಾವೆ, ನಡುವೆ ಯಾರಾದ್ರೂ ಶುದ್ಧ ನೀರಿನ ಘಟಕ ಹಾಕಿಸಿದ್ರೆ ಅದರಿಂದಾನೇ ಇಳೀತು ಅಂತ ಎಲ್ರೂ ನಂಬ್ತಾರೆ. ಹಾಗೆ ನಂಬಿ ನಿಜವಾದ ಕಾರಣ ಹುಡುಕೋದನ್ನ ಬಿಟ್ಟುಬಿಡೋದೇ ನನಗೆ ಭಯ ಹುಟ್ಟಿಸೋ ವಿಷಯ.

ಅಮೆರಿಕದ ಕೌಂಟಿಗಳ (ನಮ್ಮ ಜಿಲ್ಲೆ ಇದ್ದಂಗೆ) ಲೆಕ್ಕದಲ್ಲಿ ಇದು ಬಹಳ ಚೆನ್ನಾಗಿ ಕಾಣುತ್ತೆ. ಕಿಡ್ನಿ ಕ್ಯಾನ್ಸರ್ ರೇಟ್ ಅತಿ ಕಡಿಮೆ ಇರೋ ಕೌಂಟಿಗಳು ಯಾವು ಅಂತ ನೋಡಿದ್ರೆ ಜನ ವಿರಳವಾಗಿರೋ ಹಳ್ಳಿಗಾಡಿನವು, ಓಹೋ ಒಳ್ಳೆ ಗಾಳಿ ಒಳ್ಳೆ ಊಟ ಅನ್ನಿಸುತ್ತೆ. ಅತಿ ಹೆಚ್ಚು ಇರೋವು ಯಾವು ಅಂತ ನೋಡಿದ್ರೆ ಅವೂ ಜನ ವಿರಳವಾಗಿರೋ ಹಳ್ಳಿಗಾಡಿನವೇ. ಜನ ಕಡಿಮೆ ಇದ್ದಷ್ಟೂ ಒಂದೆರಡು ಕೇಸಿಗೆ ರೇಟ್ ಹಾರಾಡುತ್ತೆ, ಅಷ್ಟೇ ಅದರ ಗುಟ್ಟು. ತಾಲ್ಲೂಕಿಗೆ ಬಂದ್ರೂ ಇದು ಪೂರ್ತಿ ಹೋಗಲ್ಲ. ಎರಡೂವರೆ ಲಕ್ಷ ಜನದ ತಾಲ್ಲೂಕಲ್ಲಿ ಲಕ್ಷಕ್ಕೆ 100ರಂತೆ 250 ಕೇಸು ಅಂದ್ರೆ, ಒಂದು ವರ್ಷ 220, ಇನ್ನೊಂದು ವರ್ಷ 280 ಬಂದ್ರೂ ಅದು ಆಕಸ್ಮಿಕದ ಮಿತಿಯೊಳಗೇ ಇದೆ. ಒಂದೊಂದೇ ಬಗೆಯ ಕ್ಯಾನ್ಸರ್ ತಗೊಂಡ್ರೆ ಇನ್ನೂ ಕಷ್ಟ, ಬಾಯಿ ಕ್ಯಾನ್ಸರ್ ವರ್ಷಕ್ಕೆ ಸರಾಸರಿ 15 ಇರೋ ಕಡೆ ಈ ವರ್ಷ 12 ಮುಂದಿನ ವರ್ಷ 18 ಆದ್ರೆ "ಶೇಕಡಾ 50 ಏರಿಕೆ" ಅಂತ ಹೆಡ್‌ಲೈನ್ ಬರುತ್ತೆ, ಅಂಕಿ ಸುಳ್ಳಲ್ಲ ಆದ್ರೆ ಅದಕ್ಕೆ ಅರ್ಥಾನೂ ಇಲ್ಲ. ಅದಕ್ಕೇ ಸಣ್ಣ ಜಾಗದ ಲೆಕ್ಕವನ್ನ ಐದೈದು ವರ್ಷ ಒಟ್ಟು ಸೇರಿಸಿ ನೋಡಬೇಕು ಅನ್ನೋದು.

ಊರಿನ ಗುಂಪು ಕೇಸುಗಳ ಬಗ್ಗೆ ಬೇರೆ ದೇಶದ ಅನುಭವ ಏನು ಅಂದ್ರೆ, ಅಮೆರಿಕದಲ್ಲಿ ಸುಮಾರು ಇಪ್ಪತ್ತು ವರ್ಷದ 428 ತನಿಖೆಗಳನ್ನ ಒಟ್ಟಿಗೆ ಪರಿಶೀಲಿಸಿದ ಅಧ್ಯಯನ 2012ರಲ್ಲಿ ಬಂತು. ಜನ ಅನುಮಾನ ಪಟ್ಟ 567 ಪ್ರಕರಣಗಳಲ್ಲಿ 72ರಲ್ಲಿ ಮಾತ್ರ ನಿಜವಾಗಿ ನಿರೀಕ್ಷೆಗಿಂತ ಜಾಸ್ತಿ ಇತ್ತು, ಮೂರಕ್ಕೆ ಯಾವುದೋ ವಿಷವಸ್ತುವಿನ ನಂಟು ಕಾಣಿಸ್ತು, ಸ್ಪಷ್ಟ ಕಾರಣ ಸಿಕ್ಕಿದ್ದು ಒಂದೇ ಒಂದಕ್ಕೆ. ಇದನ್ನ ಓದಿ "ನೋಡಿ, ಜನ ಸುಮ್ನೆ ಹೆದರ್ತಾರೆ" ಅಂತ ಅಧಿಕಾರಿಗಳು ಹೇಳಬಾರದು. ಟರ್ಕಿಯ ಕಪಡೋಕಿಯಾದಲ್ಲಿ ಕರಾಯಿನ್ ಅನ್ನೋ ಹಳ್ಳಿ ಇದೆ, ಶ್ವಾಸಕೋಶದ ಹೊದಿಕೆಗೆ ಬರೋ ಮೀಸೋಥೀಲಿಯೋಮ ಅನ್ನೋ ಬಹಳ ಅಪರೂಪದ ಕ್ಯಾನ್ಸರ್ ಅಲ್ಲಿ ಮನೆಮನೇಲೂ ಕಂಡು, 1970ರ ದಶಕದಲ್ಲಿ ಹುಡುಕ್ತಾ ಹೋದಾಗ ಅಲ್ಲಿನ ಕಲ್ಲಲ್ಲೇ ಇರೋ ಎರಿಯೋನೈಟ್ ಅನ್ನೋ ನಾರಿನಂಥ ಖನಿಜ ಕಾರಣ ಅಂತ ಗೊತ್ತಾಯ್ತು, ಆ ಕಲ್ಲಲ್ಲೇ ಮನೆ ಕಟ್ಕೊಂಡಿದ್ರು. ಅಲ್ಲಿ ಸುಳಿವು ಕೊಟ್ಟಿದ್ದು ಕೇಸುಗಳ ಒಟ್ಟು ಸಂಖ್ಯೆಗಿಂತ ಹೆಚ್ಚಾಗಿ, ಅಪರೂಪದ ಒಂದೇ ಬಗೆಯ ಕ್ಯಾನ್ಸರ್ ಒಂದೇ ಕಡೆ ಸೇರಿದ್ದು. ನಿಮ್ಮೂರಿನ ಎಂಟು ಜನರಲ್ಲಿ ಒಬ್ಬರಿಗೆ ಸ್ತನ, ಒಬ್ಬರಿಗೆ ಬಾಯಿ, ಒಬ್ಬರಿಗೆ ಹೊಟ್ಟೆ, ಇನ್ನೊಬ್ಬರಿಗೆ ಪ್ರಾಸ್ಟೇಟ್ ಅಂತ ಇದ್ರೆ ಅವಕ್ಕೆಲ್ಲ ಒಂದೇ ಬೋರ್‌ವೆಲ್ ಕಾರಣ ಆಗೋದು ಬಹಳ ಕಷ್ಟ. ಎಂಟರಲ್ಲಿ ಐದು ಜನಕ್ಕೆ ರಕ್ತ ಅಥವಾ ದುಗ್ಧರಸ ಗ್ರಂಥಿಯ ಕ್ಯಾನ್ಸರ್ (ಲಿಂಫೋಮಾ), ಅದೂ ಮೂವತ್ತು ನಲವತ್ತರ ವಯಸ್ಸಲ್ಲಿ ಅಂದ್ರೆ ತಕ್ಷಣ ತಾಲ್ಲೂಕು ಆರೋಗ್ಯಾಧಿಕಾರಿ ಬಾಗಿಲು ತಟ್ಟಬೇಕು.

ಔಷಧಿ ಹೊಡೆಯೋದರ ಬಗ್ಗೆನೂ ಇದೇ ರೀತಿ ಯೋಚಿಸಬೇಕು. ಲಿಂಡೇನ್ ಅನ್ನೋ ಕೀಟನಾಶಕವನ್ನ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುತ್ತೆ ಅಂತ ಖಚಿತ ಪಟ್ಟಿಗೆ ಸೇರಿಸ್ತು, ಡಿಡಿಟಿ ಮತ್ತು ಕಳೆನಾಶಕ ಗ್ಲೈಫೋಸೇಟ್ ಅನ್ನ ಅದೇ ವರ್ಷ 'ಬಹುಶಃ ತರುತ್ತೆ' ಅನ್ನೋ ಪಟ್ಟಿಗೆ. ಹಾಗಾಗಿ ರೈತರ ಅನುಮಾನ ಗಾಳಿಯಿಂದ ಹುಟ್ಟಿದ್ದಲ್ಲ. ಕಬ್ಬಿಗೆ, ಭತ್ತಕ್ಕೆ ಮಾಸ್ಕ್ ಗ್ಲೌಸ್ ಇಲ್ದೆ ಬರಿಗಾಲಲ್ಲಿ ಔಷಧಿ ಹೊಡಿಯೋದನ್ನ ನಾಲೆ ಪಕ್ಕ ಯಾವಾಗ ಹೋದ್ರೂ ನೋಡ್ತೀವಿ. ಆದ್ರೆ ಔಷಧಿಯೇ ಮುಖ್ಯ ಕಾರಣ ಆಗಿದ್ರೆ ಲೆಕ್ಕದಲ್ಲಿ ಒಂದು ಗುರುತು ಕಾಣಬೇಕು, ಹೊಡಿಯೋ ಕೂಲಿಯವರಲ್ಲಿ ಹೊಡೀದೇ ಇರೋರಿಗಿಂತ ಜಾಸ್ತಿ, ನಾಲೆ ಬಯಲಲ್ಲಿ ಮಳೆಯಾಶ್ರಿತ ಹೋಬಳಿಗಿಂತ ಜಾಸ್ತಿ, ಅದೂ ವಿಶೇಷವಾಗಿ ದುಗ್ಧರಸ ಗ್ರಂಥಿಯ ಕ್ಯಾನ್ಸರ್ ಥರದವು. ವಿಶ್ವೇಶ್ವರಯ್ಯ ನಾಲೆ ಬಯಲು ಒಂದು ಕಡೆ, ನಾಗಮಂಗಲದ ಒಣಭೂಮಿ ಇನ್ನೊಂದು ಕಡೆ, ಹೋಲಿಸೋಕೆ ಇದಕ್ಕಿಂತ ಒಳ್ಳೆ ಜಿಲ್ಲೆ ಸಿಗೋದು ಕಷ್ಟ. ಈ ಪರೀಕ್ಷೆ ಮಾಡದೆ ಔಷಧಿಯನ್ನ ದೂರೋದೂ ಸರಿಯಲ್ಲ, ಮಾಡದೇನೇ ಅದು ನಿರಪರಾಧಿ ಅನ್ನೋದೂ ಸರಿಯಲ್ಲ.

ಅಲ್ಲೀವರೆಗೆ ಕಣ್ಣೆದುರೇ ಇರೋ, ಸಾಬೀತಾಗಿರೋ ಕಾರಣಗಳನ್ನ ನಾವು ಮಾತಾಡ್ತಾನೇ ಇಲ್ಲ. ಎಲೆಅಡಿಕೆ ಜೊತೆ ಕಡ್ಡಿಪುಡಿ ಹಾಕ್ಕೊಂಡು ರಾತ್ರಿ ಮಲಗೋವಾಗ್ಲೂ ದವಡೇಲಿ ಇಟ್ಕೊಳ್ಳೋ ಅಜ್ಜಿಯರು ನಮ್ಮಲ್ಲಿ ಎಷ್ಟು ಜನ. ಅಡಿಕೆ ಒಂದೇ ಕೂಡ ಬಾಯಿ ಕ್ಯಾನ್ಸರ್‌ಗೆ ಕಾರಣ ಅಂತ 2004ರಲ್ಲೇ ಖಚಿತ ಪಟ್ಟಿ ಸೇರಿದೆ. ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ತಂಬಾಕು ಬಳಸೋ ವಯಸ್ಕರು 2009-10ರಲ್ಲಿ ಶೇಕಡಾ 28.2 ಇದ್ದೋರು 2016-17ಕ್ಕೆ 22.8ಕ್ಕೆ ಇಳಿದ್ರು, 2013ರಲ್ಲಿ ಗುಟ್ಕಾ ನಿಷೇಧಾನೂ ಆಯ್ತು. ಇದರ ಫಲ ತಕ್ಷಣ ಕಾಣಲ್ಲ, ಯಾಕಂದ್ರೆ ಜಗಿಯೋಕೆ ಶುರುಮಾಡಿದ ಎಷ್ಟೋ ವರ್ಷಗಳ ಮೇಲೆ ಗಡ್ಡೆ ಕಾಣಿಸಿಕೊಳ್ಳುತ್ತೆ, ಇವತ್ತು ಆಸ್ಪತ್ರೇಲಿ ಕಾಣೋ ಬಾಯಿ ಕ್ಯಾನ್ಸರ್ 1990ರ ದಶಕದ, 2000ದ ದಶಕದ ಪ್ಯಾಕೆಟ್ಟುಗಳ ಫಲ. ಹೆಂಗಸರ ವಿಷಯದಲ್ಲಿ ಗರ್ಭಕಂಠದ್ದು ಇಳಿದು ಸ್ತನದ್ದು ಏರೋ ಬೆಂಗಳೂರಿನ ದಾರಿನೇ ಮದುವೆ ತಡ ಆಗಿ, ಮಕ್ಕಳು ಕಮ್ಮಿ ಆಗಿ, ತೂಕ ಜಾಸ್ತಿ ಆಗ್ತಿರೋ ನಮ್ಮ ಊರುಗಳೂ ಹಿಡಿಯೋ ಸಾಧ್ಯತೆ ಹೆಚ್ಚು. ಹಾಗಾದ್ರೆ "ಒಟ್ಟು ಕ್ಯಾನ್ಸರ್" ಅನ್ನೋ ಒಂದು ಅಂಕಿ ಏನೂ ಬದಲಾಗಿಲ್ಲ ಅಂತ ತೋರಿಸ್ತಿರುತ್ತೆ, ಒಳಗೆ ಒಂದು ಇಳಿದು ಒಂದು ಏರಿರುತ್ತೆ. ಬಗೆ ಬಗೆಯಾಗಿ ಬಿಡಿಸಿ ಕೇಳಲೇಬೇಕು.

ಹುಡುಕಿದಷ್ಟೂ ಸಿಗುತ್ತೆ ಅನ್ನೋದೂ ಒಂದಿದೆ. ದಕ್ಷಿಣ ಕೊರಿಯಾದಲ್ಲಿ ಥೈರಾಯ್ಡ್ ಸ್ಕ್ಯಾನಿಂಗ್ ಸಲೀಸಾಗಿ ಎಲ್ರಿಗೂ ಸಿಗೋಕೆ ಶುರುವಾಗಿ 1993ರಿಂದ 2011ರೊಳಗೆ ಥೈರಾಯ್ಡ್ ಕ್ಯಾನ್ಸರ್ 15 ಪಟ್ಟು ಆಯ್ತು, ಅದರಿಂದ ಸಾಯೋರ ಸಂಖ್ಯೆ ಮಾತ್ರ ಇದ್ದಲ್ಲೇ ಇತ್ತು. ನಮ್ಮಲ್ಲಿ ಈಗ ಮನೆಮನೆಗೆ ಬಂದು ಮೂವತ್ತು ದಾಟಿದವರ ತಪಾಸಣೆ ಶುರುವಾಗಿದೆ, ಬಾಯಿ, ಸ್ತನ, ಗರ್ಭಕಂಠ ನೋಡ್ತಾರೆ. ಇದು ಚೆನ್ನಾಗಿ ನಡೆದ್ರೆ ಮೊದಲ ಒಂದೆರಡು ವರ್ಷ ಅಂಕಿ ಏರಲೇಬೇಕು, ಏರಿದ್ರೆ ಅದು ಕೆಲಸ ನಡೀತಿದೆ ಅನ್ನೋದರ ಗುರುತು, ಆಗ ಯಾವ ಹಂತದಲ್ಲಿ ಪತ್ತೆ ಆಗ್ತಿದೆ ಅಂತ ಕೇಳಬೇಕು.

ಹಾಗಾದ್ರೆ ಮಂಡ್ಯದವರು ಏನು ಕೇಳಬೇಕು? ಕರ್ನಾಟಕದಲ್ಲಿ ಕ್ಯಾನ್ಸರ್ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ. ಆ ವರದಿಗಳನ್ನ ರೋಗಿಯ ವಾಸದ ಊರಿನ ಪ್ರಕಾರ ತಾಲ್ಲೂಕುವಾರು ಜೋಡಿಸಿ, ಬಗೆವಾರು, ವಯಸ್ಸಿಗೆ ಸರಿಹೊಂದಿಸಿ, ಐದು ವರ್ಷಕ್ಕೊಂದು ಸಲ ಹೊರಗಿಡಿ ಅಂತ ಸರ್ಕಾರಿ ಕೆಲಸಗಳ ಪ್ರಗತಿ ನೋಡೋ ಕೆಡಿಪಿ ಸಭೇಲಿ ಶಾಸಕರ ಕೈಲಿ ಕೇಳಿಸಬೇಕು. ಬೆಂಗಳೂರಲ್ಲಿ ಮಗನ ಮನೆ ಅಡ್ರೆಸ್ ಕೊಟ್ಟು ಟ್ರೀಟ್‌ಮೆಂಟ್ ತಗೊಳ್ಳೋ ಅಪ್ಪ ಬೆಂಗಳೂರಿನ ಲೆಕ್ಕಕ್ಕೆ ಹೋಗಿಬಿಡ್ತಾನೆ, ಅದಕ್ಕೆ ಆಸ್ಪತ್ರೇಲಿ ಊರಿನ ವಿಳಾಸಾನೇ ಬರೆಸೋದು ಮನೆಯವರ ಕೈಲಿದೆ. ಮನೇಲೇ ತೀರ್ಕೊಂಡೋರ ಮರಣ ನೋಂದಣಿಲಿ ಕಾರಣದ ಜಾಗದಲ್ಲಿ "ವಯಸ್ಸಾಗಿ" ಅಂತ ಬರೆಸೋ ಬದಲು ಕ್ಯಾನ್ಸರ್ ಇತ್ತು, ಇಂಥ ಅಂಗದ್ದು ಅಂತ ಹೇಳೋದೂ ಅಷ್ಟೇ.

ಇದೆಲ್ಲ ಹಳ್ಳೀಲಿ ಆಗೋ ಕೆಲಸನಾ ಅನ್ನೋರಿಗೆ ಬಾರ್ಶಿಯನ್ನ ತೋರಿಸ್ತೀನಿ. ಮಹಾರಾಷ್ಟ್ರದ ಬಾರ್ಶಿ, ಪರಾಂಡಾ, ಭೂಮ್ ತಾಲ್ಲೂಕುಗಳಲ್ಲಿ 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ರಿಜಿಸ್ಟ್ರಿ ಶುರುವಾಯ್ತು. ಅಲ್ಲಿ ರೋಗಿಗಳು ತಾವಾಗಿ ಆಸ್ಪತ್ರೆಗೆ ಬರಲ್ಲ ಅಂತ ಗೊತ್ತಿದ್ರಿಂದ ಸಿಬ್ಬಂದಿಯೇ ಹಳ್ಳಿ ಹಳ್ಳಿ ತಿರುಗಿ ಜನರ ಜೊತೆ ಕೂತು ಲಕ್ಷಣಗಳನ್ನ ಹೇಳಿ, ಅನುಮಾನ ಇದ್ದೋರನ್ನ ಬಾರ್ಶಿ ಆಸ್ಪತ್ರೆಗೆ ಕರ್ಕೊಂಡು ಬರ್ತಿದ್ರು. ಕೆಲವೇ ವರ್ಷದಲ್ಲಿ ಗರ್ಭಕಂಠದ ಕ್ಯಾನ್ಸರ್ ಮುಂಚಿಗಿಂತ ಮೊದಲ ಹಂತದಲ್ಲೇ ಪತ್ತೆಯಾಗೋದು ಹೆಚ್ಚಾಯ್ತು, ದೊಡ್ಡ ಮಿಷನ್ನು, ಹೊಸ ಟೆಸ್ಟು ಏನೂ ಇಲ್ದೆ, ಎಣಿಸೋಕೆ ಹೋದೋರು ಮಾತಾಡಿಸಿದ್ದರಿಂದಾನೇ. ಮಂಡ್ಯದ ಏಳು ತಾಲ್ಲೂಕಲ್ಲೂ ಆಶಾ ಕಾರ್ಯಕರ್ತೆಯರು ಈಗಾಗ್ಲೇ ಮನೆಮನೆಗೆ ಹೋಗ್ತಿದಾರೆ, ಮೂರು ವಾರ ಆದ್ರೂ ಮಾಯದ ಬಾಯಿ ಹುಣ್ಣು ಯಾರಿಗಿದೆ ಅಂತ ಅವರಿಗೆ ಗೊತ್ತು, ಅವರು ಬರ್ಕೊಂಡಿದ್ದು ಪ್ರಾಥಮಿಕ ಆರೋಗ್ಯ ಕೇಂದ್ರದ ಪುಸ್ತಕದಲ್ಲೇ ನಿಂತುಹೋಗದೆ ಮುಂದಕ್ಕೆ ಹೋಗಿ ಸೇರೋಕೆ ಜಿಲ್ಲೇಲಿ ಒಂದು ರಿಜಿಸ್ಟ್ರಿ ಆಫೀಸು, ನಾಲ್ಕಾರು ಖಾಯಂ ಸಿಬ್ಬಂದಿ, ಅವರಿಗೆ ಓಡಾಡೋಕೆ ಒಂದು ಗಾಡಿ ಬೇಕು.